ಹೂಂ ಸಾಹೇಬರ ಮನೆ

ನಮ್ಮ ಊರಿನಲ್ಲಿ ಮನೆಯ ಮರ ಕಡಿಸಬೇಕಾದರೆ ಯಾರಾದರೊಬ್ಬರು ಹೂಂ ಅನ್ನಬೇಕು. ಮರ ಕಡಿದ ಮರುದಿನ ಬೆಳಗ್ಗೆ ಅದು ಹೂಂ ಅಂದವರ ಮನೆಯಲ್ಲಿ ಎದ್ದು ನಿಂತಿರುತ್ತದೆ. ಇಷ್ಟೇ ವಿಷಯ. ಹೊರಗಿನಿಂದ ಬಂದವರು ಇದನ್ನು ಕೇಳಿ ಅದು ಹೇಗೆ, ಯಾಕೆ, ಬೇರು ಎಲ್ಲಿಂದ ಬರುತ್ತದೆ ಎಂದು ನನ್ನ ತಲೆ ತಿನ್ನುತ್ತಾರೆ. ನಾನು ಗಿರಣಿ ನಡೆಸುವವಳು. ಮೇಲೆ ಜೋಳ ಸುರಿದರೆ ಕೆಳಗೆ ಹಿಟ್ಟು ಬೀಳುತ್ತದೆ, ಅದು ಯಾಕೆಂದು ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ಮರದ ಬಗ್ಗೆ ಮಾತ್ರ ಯಾಕೆ ಕೇಳಬೇಕು? ಯಾರ ಒಪ್ಪಿಗೆಯೂ ಇಲ್ಲದೆ ಕಡಿಸಿದರೆ, ತನಗೆ ತಾನೇ ಹೂಂ ಅಂದುಕೊಂಡ ಹಾಗೆ. ಮರ ಅವನ ಮನೆಯಲ್ಲೇ ಮತ್ತೆ ಏಳುತ್ತದೆ, ಆದರೆ ಹಳೆಯ ಜಾಗದಲ್ಲಿ ಅಲ್ಲ. ಹಿತ್ತಲಿನಲ್ಲಿ ತನ್ನ ಪಾಡಿಗೆ ತಾನಿದ್ದ ಬೇವು ದೇವರ ಕೋಣೆಗೆ ಬಂದು ನಿಂತರೆ ಯಾರಿಗೆ ಬೇಕು ಆ ಸಹವಾಸ? ಒಂದು ಮಾತು ಹೇಳಬೇಕು, ನಮ್ಮ ಮರಗಳು ಮರ್ಯಾದಸ್ಥ ಮರಗಳು. ಸೂರು ದಾಟಿ ಬೆಳೆಯುವಾಗ ಹೆಂಚುಗಳನ್ನು ಒಡೆಯುವುದಿಲ್ಲ. ತೆಗೆದು ಗೋಡೆಯ ಬದಿಗೆ ಒಂದರ ಮೇಲೊಂದು ಜೋಡಿಸಿಟ್ಟಿರುತ್ತವೆ.

ಹೀಗಿರುವಾಗ ಮರ ಕಡಿಯಲು ಅನುಮತಿ ಕೊಡುವ ಕೆಲಸ ಯಾರದು ಎಂಬುದು ನಮ್ಮೂರಿನ ಹಳೆಯ ಜಗಳ. ಪುರಸಭೆಯವರನ್ನು ಕೇಳಿದರೆ ಮರ ಅಂದ ಮೇಲೆ ಅರಣ್ಯ ಇಲಾಖೆ ಅನ್ನುತ್ತಾರೆ. ಅರಣ್ಯ ಇಲಾಖೆಯವರು ಅಡುಗೆಮನೆ ಹಿಂದಿನ ನುಗ್ಗೆಗಿಡ ಅರಣ್ಯ ಹೇಗಾಗುತ್ತದೆ ಅನ್ನುತ್ತಾರೆ. ತಹಶೀಲ್ದಾರರು ನೆಲ ಮಾತ್ರ ನಮ್ಮದು, ಅದರ ಮೇಲೆ ನಿಂತಿದ್ದು ನಮ್ಮದಲ್ಲ ಎಂದು ಕೈ ತೊಳೆದುಕೊಳ್ಳುತ್ತಾರೆ. ಎತ್ತು ಏರಿಗೆ, ಕೋಣ ನೀರಿಗೆ. ಹಿಂದೊಮ್ಮೆ ಹೊಸದಾಗಿ ಬಂದ ಮುಖ್ಯಾಧಿಕಾರಿಯೊಬ್ಬರು, ಪಾಪ, ಎಳೆಯ ವಯಸ್ಸು, ಜನಸೇವೆಯ ಹುಮ್ಮಸ್ಸು, ಬಂದ ವಾರದಲ್ಲೇ ಬಾಕಿ ಇದ್ದ ಅರ್ಜಿಗಳಿಗೆಲ್ಲ ಹೂಂ ಅಂದುಬಿಟ್ಟರು. ಯಾರೂ ತಡೆಯಲಿಲ್ಲ. ತಡೆಯುವವರೆಲ್ಲ ಅರ್ಜಿ ಹಾಕಿದವರೇ ಆಗಿದ್ದರು. ಮರುದಿನ ಬೆಳಗ್ಗೆ ಅವರ ಕ್ವಾರ್ಟರ್ಸಿನಲ್ಲಿ ಎರಡು ತೆಂಗಿನ ನಡುವೆ ಮಂಚ ಮೇಲಕ್ಕೆ ಹೋಗಿತ್ತು, ಮಂಚದ ಮೇಲೆ ಅವರಿದ್ದರು. ವರ್ಗಾವಣೆ ಅರ್ಜಿಯನ್ನು ಅಲ್ಲಿಂದಲೇ ಬರೆದು ಕೆಳಕ್ಕೆ ಹಾಕಿದರಂತೆ. ಅವರು ಹೋದರು, ಮರಗಳು ಉಳಿದವು. ಈಗ ಅದು ಊರಿನ ಉದ್ಯಾನವನ, ಹೊರಗೆ ಬೋರ್ಡು ಇದೆ. ಆಮೇಲೆ ಬಂದ ಅಧಿಕಾರಿಗಳು ಫೋನಿನಲ್ಲಿ ಹೆಂಡತಿಯ ಜೊತೆ ಮಾತಾಡುವಾಗಲೂ ಹೂಂ ಅನ್ನುವುದಿಲ್ಲ, ನೋಡೋಣ ಅನ್ನುತ್ತಾರೆ.

ಊರಿನವರು ಹೇಗೋ ಹೊಂದಿಕೊಂಡರು. ನಿಮ್ಮ ಮಾವಿಗೆ ನಾವು ಹೂಂ ಅನ್ನುತ್ತೇವೆ, ನಮ್ಮ ತೆಂಗಿಗೆ ನೀವು ಅನ್ನಿ ಎಂದು ಅದಲಿಬದಲಿ ಮಾಡಿಕೊಂಡರು. ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದರೆ, ಬೀಗರು ಯಾವುದೋ ಹಾಳು ಮರಕ್ಕೆ ಹೂಂ ಕೇಳಿದ್ದಾರೆ ಎಂದು ತಿಳಿಯಬೇಕು. ಮಾವು, ತೆಂಗು, ಪೇರಲ ಎಂದರೆ ಒಪ್ಪುವವರಿದ್ದರು. ಜಾಲಿಗೆ, ಹುಣಸೆಗೆ ಯಾರು ಒಪ್ಪುತ್ತಾರೆ? ಅದರಲ್ಲೂ ಹುಣಸೆಯ ಜೊತೆ ದೆವ್ವವೂ ಬರುತ್ತದೆ ಎಂಬ ಮಾತಿದೆ. ದೆವ್ವ ಹೆಂಚು ಜೋಡಿಸಿಡುತ್ತದೋ ಇಲ್ಲವೋ ಯಾರಿಗೆ ಗೊತ್ತು.

ಈ ಜಗಳಕ್ಕೆ ಮದ್ದು ಹುಡುಕಿದವರು ಪುರಸಭೆಯ ಅಧ್ಯಕ್ಷರು, ವಿರೂಪಾಕ್ಷಗೌಡರು. ಗೌಡರಿಗೆ ಬುದ್ಧಿ ಇಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ. ಇದ್ದ ಬುದ್ಧಿಯನ್ನು ಎಲ್ಲಿ ಬಳಸುತ್ತಾರೆ ಎಂಬುದಷ್ಟೇ ನನ್ನ ತಕರಾರು. ಆ ವರ್ಷ ಮಳೆಗಾಲಕ್ಕೆ ಮುಂಚೆ ಗುರುಪಾದಪ್ಪ ಎಂಬ ಛತ್ರಿ ರಿಪೇರಿಯವನು ನಮ್ಮೂರಿಗೆ ಬಂದಿದ್ದ. ಐವತ್ತರ ಆಸುಪಾಸು, ತಿದ್ದಿದ ಮೀಸೆ, ಸದಾ ಗುನುಗುವ ಬಾಯಿ. ಊರೂರು ತಿರುಗಿ, ಮಳೆ ಎಲ್ಲಿದೆಯೋ ಅಲ್ಲಿ ಛತ್ರಿ ಹೊಲಿದು, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಮಲಗುವ ಮನುಷ್ಯ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಅಣ್ಣ ತಮ್ಮ ಇಲ್ಲ, ಎಲ್ಲಿಯೂ ಒಂದು ಗೂಟವಿಲ್ಲ. ಗೌಡರು ಒಂದು ದಿನ ಛತ್ರಿ ಕೊಡಲು ಹೋದವರು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನಿನಗ ಮನಿ ಎಲ್ಲೈತೋ?" ಎಂದು ಕೇಳಿದರಂತೆ. ಅವನು "ಇಲ್ರಿ" ಅಂದನಂತೆ. "ಎಲ್ಲೂ ಇಲ್ಲೇನು?" "ಎಲ್ಲೂ ಇಲ್ರಿ." ಗೌಡರು ಛತ್ರಿಯನ್ನು ಅಲ್ಲೇ ಬಿಟ್ಟು ಪುರಸಭೆಗೆ ಓಡಿದರು.

ಮನೆಯೇ ಇಲ್ಲದವನು ಹೂಂ ಅಂದರೆ ಮರ ಎಲ್ಲಿಗೆ ಹೋಗಬೇಕು? ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಆ ವಾರವೇ ಠರಾವಾಗಿ ಗುರುಪಾದಪ್ಪನಿಗೆ ಮರ ಕಡಿಯುವ ಅನುಮತಿಯ ಅಧಿಕಾರ ಕೊಟ್ಟರು. ಆದೇಶದಲ್ಲಿ "ಸದರಿಯವರಿಗೆ ಸ್ವಂತ, ಬಾಡಿಗೆ ಅಥವಾ ಬೇರಾವುದೇ ಬಗೆಯ ಮನೆ ಇರತಕ್ಕದ್ದಲ್ಲ, ಮುಂದೆಯೂ ಆಗತಕ್ಕದ್ದಲ್ಲ" ಎಂದು ಬರೆದಿತ್ತು. ಖಾಕಿ ಟೊಪ್ಪಿಗೆ ಕೊಟ್ಟರು, ಬಸ್‌ಸ್ಟ್ಯಾಂಡಿನಲ್ಲಿ ಒಂದು ಕುರ್ಚಿ ಹಾಕಿದರು, ಪಗಾರದ ಬದಲು ನೀಲಗಂಗವ್ವನ ಖಾನಾವಳಿಯಲ್ಲಿ ಎರಡು ಹೊತ್ತಿನ ಊಟ ಗೊತ್ತು ಮಾಡಿದರು. ಮೊದಲ ಹೂಂ ಅಂಚೆ ಕಚೇರಿ ಹಿಂದಿನ ಮನೆಯ ಜಾಲಿಮರಕ್ಕೆ. ಮಕ್ತುಮಸಾಬ, ನಮ್ಮೂರಲ್ಲಿ ಕೊಡಲಿ ಹಿಡಿಯುವವನು ಅವನೊಬ್ಬನೇ, ದಿನವಿಡೀ ಕಡಿದ. ಮರುದಿನ ಬೆಳಗ್ಗೆ ಊರಿಗೆ ಊರೇ ತಮ್ಮ ತಮ್ಮ ಮಂಚದ ಕೆಳಗೆ, ಅಟ್ಟದ ಮೇಲೆ, ಬಚ್ಚಲಲ್ಲಿ ಹುಡುಕಿತು. ಜಾಲಿ ಎಲ್ಲಿಯೂ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲೂ ಇರಲಿಲ್ಲ. ಮಲಗಿದ ಜಾಗವೆಲ್ಲ ಮನೆಯಲ್ಲ ಎಂಬುದು ಮರಗಳಿಗೂ ಗೊತ್ತು.

ಅಲ್ಲಿಂದ ಶುರುವಾಯಿತು ನೋಡಿ. ಗುರುಪಾದಪ್ಪ ಹೂಂ ಸಾಹೇಬನಾದ. ಅವನ ಕುರ್ಚಿಯ ಮುಂದೆ ಬೆಳಗಾದರೆ ಜನ. ಒಬ್ಬನಿಗೆ ಎಲೆ ಉದುರುವುದು ಆಗದು, ಇನ್ನೊಬ್ಬನಿಗೆ ಕಾಗೆ ಕೂರುವುದು ಆಗದು, ಮತ್ತೊಬ್ಬಳಿಗೆ ಎದುರು ಮನೆಯವರು ಏನು ಮಾಡುತ್ತಾರೆ ಎಂದು ಕಾಣುವುದಿಲ್ಲ. ಅವನು ಎಲ್ಲರ ಮಾತನ್ನೂ ಗೌರವದಿಂದ ಕೇಳಿ, ಮೀಸೆ ನೇವರಿಸಿ, ಹೂಂ ಅನ್ನುತ್ತಿದ್ದ. ಜೀವಮಾನದಲ್ಲಿ ಯಾರೂ ಅವನನ್ನು ಏನೂ ಕೇಳಿರಲಿಲ್ಲವಲ್ಲ, ಕುರ್ಚಿ ಅವನಿಗೆ ಬಹಳ ಹಿಡಿಸಿತು. ಊರು ಬೋಳಾಗುತ್ತಾ ಬಂತು. ಎಮ್ಮೆಗಳು ಕರೆಂಟ್ ಕಂಬದ ನೆರಳಿನಲ್ಲಿ ಸಾಲಾಗಿ ನಿಲ್ಲತೊಡಗಿದವು. ಆದರೂ ಯಾರೂ ತುಟಿ ಬಿಚ್ಚಲಿಲ್ಲ, ಯಾಕೆಂದರೆ ಪ್ರತಿಯೊಬ್ಬರೂ ಕಡಿಸಿದ್ದು ಒಂದೇ ಒಂದು ಮರ.

ಈಗ ನೀಲಗಂಗವ್ವನ ವಿಷಯ. ಅವಳ ಖಾನಾವಳಿ ನನ್ನ ಗಿರಣಿಯ ಪಕ್ಕದಲ್ಲೇ. ಮುಂದಿನ ಪಡಸಾಲೆಯಲ್ಲಿ ಊಟ, ಹಿಂದೆ ಒಲೆ, ಒಲೆಯ ಹಿಂದೆ ಅವಳು ಮಲಗುವ ಕೋಣೆ. ಗಂಡ ಸತ್ತು ಬಹಳ ವರ್ಷವಾಯಿತು. ಅವಳ ರೊಟ್ಟಿ ತೆಳು, ಮಾತು ದಪ್ಪ. ಪಲ್ಯ ಖಾರವಾಯಿತು ಅಂದ ಗಿರಾಕಿಗೆ "ನಿಮ್ಮವ್ವನ ಮನ್ಯಾಗ ಉಣ್ಣಹೋಗ್ರಿ" ಅನ್ನುತ್ತಿದ್ದಳು. ಜನ ಬೈಸಿಕೊಂಡೂ ಬರುತ್ತಿದ್ದರು, ಅಂಥ ರೊಟ್ಟಿ. ಗುರುಪಾದಪ್ಪ ಬರತೊಡಗಿದ ಸ್ವಲ್ಪ ದಿನಕ್ಕೆ ನಾನು ಅಲ್ಲಿ ಊಟಕ್ಕೆ ಕೂತಿದ್ದೆ. ಅವನು ಬೇಳೆ ಸವಿದು, "ಇವತ್ತ ಉಪ್ಪು ಒಂಚೂರು ಮುಂದಾಗೇತಿ ನೋಡ್ರಿ" ಅಂದ. ನಾನು ತುತ್ತು ಕೈಯಲ್ಲೇ ಹಿಡಿದು ಕಾದೆ. ನೀಲಗಂಗಾ ಸೌಟು ಹಿಡಿದು ಬಂದಳು, ಸ್ವಲ್ಪ ಅಂಗೈಗೆ ಹಾಕಿಕೊಂಡು ನೆಕ್ಕಿದಳು, "ಹೌದ್ರಿ, ಕೈ ತಪ್ಪೇತಿ" ಅಂದು ಒಳಗೆ ಹೋದಳು. ಅವತ್ತೇ ನನಗೆ ತಿಳಿಯಿತು. ಅವರಿಬ್ಬರಿಗೆ ತಿಳಿಯಲು ಇನ್ನೂ ಬಹಳ ದಿನ ಬೇಕಾಯಿತು.

ಅವನು ಊಟವಾದ ಮೇಲೂ ಗೋಡೆಗೆ ಒರಗಿ ಕೂತು ತಾನು ತಿರುಗಿದ ಊರುಗಳ ಸುದ್ದಿ ಹೇಳುತ್ತಿದ್ದ. ಅವಳು ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದಳು. ಅವಳ ಛತ್ರಿ ಒಂದೇ ಮಳೆಗಾಲದಲ್ಲಿ ನಾಲ್ಕಾರು ಸಲ ಕೆಟ್ಟಿತು. ಅದು ಹೇಗೆ ಕೆಡುತ್ತಿತ್ತೋ ಆ ದೇವರೇ ಬಲ್ಲ, ಅವಳು ಮನೆ ಬಿಟ್ಟು ಹೊರಗೆ ಹೋಗಿದ್ದನ್ನೇ ನಾನು ನೋಡಿರಲಿಲ್ಲ.

ಚಳಿಗಾಲ ಕಳೆಯುತ್ತಾ ಬಂದಾಗ ಒಂದು ಬೆಳಗ್ಗೆ ನಾನು ಮಜ್ಜಿಗೆ ಕೇಳಲು ಹೋದರೆ ಖಾನಾವಳಿಯ ಒಲೆಯ ಪಕ್ಕದಲ್ಲಿ ಆಳೆತ್ತರ ಕರಿಬೇವಿನ ಗಿಡ. ಗೋಡೆಯ ಬದಿಗೆ ಹೆಂಚುಗಳು ಜೋಡಿಸಿದ್ದವು. "ಇದನ್ನ ಯಾವಾಗ ಹಚ್ಚಿದಿ ನೀಲಾ?" ಎಂದು ಕೇಳಿದೆ. "ಹ್ವಾದ ವರ್ಷ" ಅಂದಳು, ಮುಖ ಎತ್ತದೆ. ಹೋದ ವರ್ಷ ಅಲ್ಲಿ ಹಾಸುಗಲ್ಲಿತ್ತು. ಹಿಂದಿನ ದಿನವಷ್ಟೇ ಗುರುಪಾದಪ್ಪ ಒಬ್ಬ ಮಾಸ್ತರರ ಮನೆಯ ಕರಿಬೇವಿಗೆ ಹೂಂ ಅಂದಿದ್ದು ನನಗೆ ಗೊತ್ತಿತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಮಧ್ಯಾಹ್ನ ಅವನು ಬಂದ, ಗಿಡ ನೋಡಿದ, ಹೆಂಚು ನೋಡಿದ, ಚಪ್ಪಲಿ ಬಿಡುವುದನ್ನು ಮರೆತು ಬಾಗಿಲಲ್ಲೇ ನಿಂತ. ಆಮೇಲೆ ತನ್ನ ಜಾಗದಲ್ಲಿ ಕೂತು ಎಂದಿಗಿಂತ ಒಂದು ರೊಟ್ಟಿ ಹೆಚ್ಚು ತಿಂದ. ಮುಂದೆ ನಿಂಬೆ ಬಂತು, ನುಗ್ಗೆ ಬಂತು. ಅಷ್ಟೊತ್ತಿಗೆ ದೊಡ್ಡ ಮರಗಳ ಅರ್ಜಿ ಬಹುತೇಕ ಮುಗಿದು ಸಣ್ಣ ಗಿಡಗಳವಷ್ಟೇ ಬರುತ್ತಿದ್ದವು. ಗಿರಾಕಿಗಳಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ. ಖಾನಾವಳಿಗೆ ಬಂದವರು ತಾಟು ನೋಡುತ್ತಾರೆಯೇ ಹೊರತು ಸೂರು ನೋಡುವುದಿಲ್ಲ.

ಇಷ್ಟರಲ್ಲಿ ವಿರೂಪಾಕ್ಷಗೌಡರು ಹೊಸ ಕಾರು ತಂದರು. ಕಾರು ನಿಲ್ಲಿಸಲು ಅಂಗಳದಲ್ಲಿ ಜಾಗ ಬೇಕು, ಅಂಗಳದ ತುಂಬಾ ಅವರ ಮುತ್ತಜ್ಜನ ಕಾಲದ ಹುಣಸೆಮರ. ಅದರ ಬುಡದ ಸುತ್ತ ಒಂದು ಸಂಸಾರ ಕೂತು ಊಟ ಮಾಡಬಹುದು, ಅಷ್ಟು ದಪ್ಪ. ಗೌಡರು ಬಸ್‌ಸ್ಟ್ಯಾಂಡಿಗೆ ಬಂದು ಕುರ್ಚಿಯ ಮುಂದೆ ನಿಂತು, "ನಮ್ಮ ಹುಣಸಿಗೊಂದು ಹೂಂ ಅಂದುಬಿಡಪಾ" ಅಂದರು. ಗುರುಪಾದಪ್ಪ ಮೊದಲ ಬಾರಿಗೆ ಹೂಂ ಅನ್ನಲಿಲ್ಲ. "ಅಮಾಸಿ ಕಳೀಲ್ರಿ" ಅಂದ. ಅಮಾವಾಸ್ಯೆ ಕಳೆದ ಮೇಲೆ ಗೂಡಿನಲ್ಲಿ ಮರಿ ಇವೆ ಅಂದ. ಮರಿ ಹಾರಿಹೋದ ಮೇಲೆ ತನಗೆ ಗಂಟಲು ಕಟ್ಟಿದೆ ಎಂದು ಕೈ ಸನ್ನೆ ಮಾಡಿದ. ಗೌಡರು ಕಡೆಗೆ, "ಬರೂ ಮೀಟಿಂಗಿನ್ಯಾಗ ಎಲ್ಲಾರ ಮುಂದ ಹೂಂ ಅನಬೇಕು. ಇಲ್ಲಾಂದ್ರ ಕುರ್ಚಿ ಬಿಟ್ಟು ಏಳಬೇಕು" ಎಂದು ಹೇಳಿ ಹೋದರು.

ಅವತ್ತು ಸಂಜೆ ಗುರುಪಾದಪ್ಪ ನನ್ನ ಗಿರಣಿಗೆ ಬಂದು ಜೋಳದ ಚೀಲದ ಮೇಲೆ ಕೂತ. ಬೆಲ್ಟು ತಿರುಗುತ್ತಿತ್ತು, ಪಕ್ಕದವರಿಗೆ ಕೇಳುವ ಹಾಗಿರಲಿಲ್ಲ. "ಗಿರಣಿ ಅಕ್ಕಾರ, ನೀವು ಎಲ್ಲಾ ನೋಡೀರಿ, ನನಗ ಗೊತ್ತೈತಿ" ಅಂದ. ನಾನು ನೋಡಿದ್ದೇನೆ ಅಂದೆ. "ಆ ಹುಣಸಿಮರ ಬಂದ್ರ ಆಕೀ ಒಲಿ ಉಳಿಯೂದಿಲ್ಲ. ಗ್ವಾಡಿ ಉಳಿಯೂದಿಲ್ಲ. ಆಕೀಗೆ ಇರೂದು ಅದೊಂದ ಮನಿ."

"ಹಂಗಾರ ಇಲ್ಲ ಅಂದುಬಿಡ್ರಿ ಸಾಹೇಬ್ರ."

"ಇಲ್ಲ ಅಂದ್ರ ಯಾಕಂತ ಕೇಳ್ತಾರ. ನನಗ ಮನಿ ಆಗೇತಿ ಅಂತ ಹೇಳಬೇಕಾಗತೈತಿ. ಯಾರ ಮನಿ ಅಂತಾರ. ಗಂಡ ಸತ್ತ ಹೆಣಮಗಳ ಹೆಸರು ನನ್ನ ಬಾಯಾಗ ಬಂದ್ರ ಈ ಊರು ಸುಮ್ಮನಿರತೈತೇನ್ರಿ?" ಅವನು ಟೊಪ್ಪಿಗೆ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡ. "ಅದಕ್ಕ ನಾ ಇನ್ನ ಆ ಕಡೆ ಹೋಗೂದಿಲ್ಲ. ಮಂದಿ ಮನಿ ಬಿಟ್ಟು ಹೋಗ್ತಾರ. ನನ್ನ ಮನಿ ನನ್ನ ಬಿಟ್ಟು ಹೋಗಲಿ. ಮೀಟಿಂಗಿನ ತನಕ ಟೈಮ್ ಐತಿ. ನೀವು ಆಕೀಗೆ ಹೇಳಬ್ಯಾಡ್ರಿ."

ನಮ್ಮೂರಿನ ಸಂಪ್ರದಾಯದಂತೆ ನಾನು "ನೋಡೂಣು" ಅಂದೆ.

ಮರುದಿನದಿಂದ ಅವನು ಖಾನಾವಳಿಗೆ ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಚುರುಮುರಿ, ಮಿರ್ಚಿ, ಬಾಳೆಹಣ್ಣು ತಿಂದು ಕುರ್ಚಿಯಲ್ಲಿ ಒಣಗುತ್ತಾ ಕೂತ. ನೀಲಗಂಗಾ ಮೊದಲ ದಿನ ಅವನ ತಾಟು ಇಟ್ಟು ಕಾದಳು. ಆಮೇಲೆ ಕಾಯುವುದನ್ನು ಬಿಟ್ಟು ಬೈಯತೊಡಗಿದಳು. ನನ್ನ ಹತ್ತಿರ ಬಂದು, "ಆ ಛತ್ರಿ ಮನಷ್ಯಾ ಸತ್ತನೋ ಬದುಕ್ಯಾನೋ?" ಎಂದು ಕೇಳಿದಳು. ಹೊಟ್ಟೆ ಸರಿಯಿಲ್ಲವಂತೆ ಅಂದೆ. ತಕ್ಷಣ ಒಂದು ತಂಬಿಗೆ ಮಜ್ಜಿಗೆಗೆ ಇಂಗಿನ ಒಗ್ಗರಣೆ ಕೊಟ್ಟು ಕಳಿಸಿದಳು. ತಂಬಿಗೆ ಹೋದ ಹಾಗೆಯೇ ತಿರುಗಿ ಬಂತು. ಆಮೇಲೆ ಖಾನಾವಳಿಯಲ್ಲಿ ರೊಟ್ಟಿ ದಪ್ಪವಾಯಿತು. ಯಾರೋ ಬಡಪಾಯಿ ಗಿರಾಕಿ ರೊಟ್ಟಿ ಬಗ್ಗುತ್ತಿಲ್ಲ ಅಂದಿದ್ದಕ್ಕೆ, "ಹಲ್ಲು ಅದಾವಲ್ಲ, ಅಗೀರಿ" ಅಂದಳು. ಬೇಳೆಯಲ್ಲಿ ಒಂದು ದಿನ ಉಪ್ಪೇ ಇರಲಿಲ್ಲ, ಮರುದಿನ ಎರಡು ದಿನದ್ದಿತ್ತು. ಯಾರಿಗೆ ಹೇಳುವ ಧೈರ್ಯವಿದೆ? ನುಂಗಿಕೊಂಡು ಎದ್ದು ಹೋದರು. ಅವಳನ್ನು ನೋಡಿ ನನಗೆ ಪಾಪ ಅನ್ನಿಸುತ್ತಿತ್ತು, ಅವನನ್ನು ನೋಡಿದರೆ ಕೋಪ ಬರುತ್ತಿತ್ತು. ಇಷ್ಟು ವಯಸ್ಸಾದವರಿಗೆ ಇಬ್ಬರ ನಡುವಿನ ಒಂದು ಗೋಡೆಯ ಬಗ್ಗೆ ಬಾಯಿಬಿಟ್ಟು ಮಾತಾಡಲು ಬರುವುದಿಲ್ಲವೆಂದರೆ ಏನು ಹೇಳಬೇಕು.

ಮೀಟಿಂಗಿಗೆ ಮುಂಚೆ ಗುರುಪಾದಪ್ಪ ಪರೀಕ್ಷೆ ಮಾಡಿಕೊಳ್ಳೋಣ ಅಂದುಕೊಂಡ. ಒಬ್ಬ ಟೇಲರ್ ಮನೆಯ ಪೇರಲಗಿಡ, ಪುಟ್ಟದು, ಅದಕ್ಕೆ ಹೂಂ ಅಂದ. ಇಷ್ಟು ದಿನ ಆ ಹೊಸ್ತಿಲು ತುಳಿದಿಲ್ಲ, ಆ ಮನೆಯ ಅನ್ನದ ಅಗುಳು ಮುಟ್ಟಿಲ್ಲ, ಈಗ ಗಿಡಕ್ಕೆ ದಾರಿ ಮರೆತಿರುತ್ತದೆ ಎಂಬ ಲೆಕ್ಕ. ಮಕ್ತುಮಸಾಬ ಕಡಿದು ಕಟ್ಟಿಗೆ ಮಾಡಿ ಒಯ್ದ. ಬೆಳಗ್ಗೆ ನಾನು ಗಿರಣಿಯ ಬಾಗಿಲು ತೆರೆಯುವಷ್ಟರಲ್ಲಿ ನೀಲಗಂಗಾ ಹೊರಗೆ ನಿಂತಿದ್ದಳು. ಕೈಯಲ್ಲಿ ಜೋಳದ ಡಬ್ಬಿ ಇರಲಿಲ್ಲ. ಬೀಸುವುದಕ್ಕೆ ಏನೂ ಇಲ್ಲದೆ ಅವಳು ನನ್ನ ಬಾಗಿಲಿಗೆ ಬಂದಿದ್ದು ಅದೇ ಮೊದಲು. "ಬಾ ಅಕ್ಕಾ, ನೋಡು ಬಾ" ಎಂದು ಕೈ ಹಿಡಿದು ಎಳೆದುಕೊಂಡು ಹೋದಳು. ಪಡಸಾಲೆಯಲ್ಲಿ ಗುರುಪಾದಪ್ಪ ದಿನಾ ಒರಗಿ ಕೂರುತ್ತಿದ್ದ ಗೋಡೆಯ ಪಕ್ಕದಲ್ಲಿ ಪೇರಲಗಿಡ ಎದ್ದಿತ್ತು. ಅವನು ಕೂರುವಷ್ಟು ಜಾಗ ಬಿಟ್ಟು ನಿಂತಿತ್ತು.

"ಅಂವ ನನ್ನ ಮರತಾನ ಅಂತ ತಿಳಕೊಂಡಿದ್ದೆ" ಅಂದಳು. ದನಿ ಅವಳದ್ದಲ್ಲವೇನೋ ಎಂಬಷ್ಟು ಸಣ್ಣಗಿತ್ತು. ಆಗ ನಾನು ಹೇಳಿಬಿಟ್ಟೆ. ಗೌಡರ ಹುಣಸೆ, ಅವಳ ಒಲೆ, ಅವಳ ಹೆಸರು, ಚುರುಮುರಿ, ಎಲ್ಲ. ಹೇಳಬೇಡಿ ಅಂದಿದ್ದಕ್ಕೆ ನಾನು ಹೂಂ ಅಂದಿರಲಿಲ್ಲವಲ್ಲ. ಅವಳು ಕೇಳುತ್ತಾ ಕೇಳುತ್ತಾ ನೆಲದ ಮೇಲೆ ಕೂತಳು, ನಕ್ಕಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಆಮೇಲೆ ಅವಳಿಗೆ ಸಿಟ್ಟು ಬಂತು. "ನನ್ನ ಗ್ವಾಡಿ ಉಳಸಾಕ ಹೋಗಿ ನನ್ನ ಉಪವಾಸ ಕೆಡವ್ಯಾನಲ್ಲ" ಅಂದಳು. ಆಗ ನೋಡಿದೆ ನಾನು, ಅವಳ ಬಳೆ ಮೊಣಕೈವರೆಗೆ ಜಾರುತ್ತಿದ್ದವು. ಊರಿಗೆಲ್ಲ ಬಡಿಸುವವಳು ಉಂಡಳೋ ಇಲ್ಲವೋ ಎಂದು ಕೇಳುವವರು ಯಾರಿದ್ದರು.

ಮೀಟಿಂಗಿನ ದಿನ ಪುರಸಭೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಣಸೆಯಂಥ ಹುಣಸೆ ಹೋಗುವುದೆಂದರೆ ಆಮೇಲೆ ಎಂಥ ಮರವನ್ನಾದರೂ ಕಳಿಸಬಹುದು ಎಂದು ಊರಿನವರ ಆಸೆ. ಗೌಡರು ಗಂಟಲು ಸರಿಮಾಡಿಕೊಂಡು, "ಗುರುಪಾದಪ್ಪ, ಎಲ್ಲಾರ ಮುಂದ ಹೂಂ ಅನಪಾ" ಅಂದರು. ಪೇರಲಗಿಡದ ಸುದ್ದಿ ನನ್ನಿಂದ ಅವನಿಗೆ ಆಗಲೇ ಮುಟ್ಟಿತ್ತು. ಅವನು ಎದ್ದು ಬಂದು ಖಾಕಿ ಟೊಪ್ಪಿಗೆಯನ್ನು ಮೇಜಿನ ಮೇಲೆ ಇಟ್ಟ.

"ಆಗೂದಿಲ್ರಿ. ನನಗ ಮನಿ ಐತ್ರಿ" ಅಂದ.

ಹಾಲಿನಲ್ಲಿ ಗುಸುಗುಸು ಎದ್ದಿತು. ಗೌಡರು, "ಬಸ್‌ಸ್ಟ್ಯಾಂಡಿನ್ಯಾಗ ಕುಂತ ಮನಷ್ಯಾ ಮನಿ ಯಾವಾಗ ಕಟ್ಟಿಸಿದ್ಯೋ?" ಎಂದು ಕೇಳಿದರು.

"ಕಟ್ಟಿಸಿಲ್ರಿ. ಆಗೇತ್ರಿ."

"ಎಲ್ಲಿ ಆಗೇತಿ?"

ಗುರುಪಾದಪ್ಪ ಟೊಪ್ಪಿಗೆ ಕಡೆ ನೋಡುತ್ತಾ ನಿಂತ. "ಅದನ್ನ ಹೇಳೂದಿಲ್ರಿ" ಅಂದ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗಾಗಿತ್ತು ಅವನ ಸ್ಥಿತಿ. ಗೌಡರು ಬಿಡುವವರೇ? ಮನೆ ಮನೆ ಹುಡುಕಿಸುತ್ತೇನೆ, ಯಾರ ಮನೆಯಲ್ಲಿ ಹೆಂಚು ಜೋಡಿಸಿದೆಯೋ ನೋಡಿಸುತ್ತೇನೆ ಎಂದು ಮೇಜು ಗುದ್ದಿದರು. ಆಗ ಹಿಂದಿನಿಂದ, "ಹುಡುಕಾಕ ಯಾಕ ಮಂದೀನ ಕಳಸ್ತೀರಿ, ಬಿಸಲಾಗ?" ಎಂಬ ದನಿ ಕೇಳಿತು. ಹೆಂಗಸರ ನಡುವಿನಿಂದ ನೀಲಗಂಗಾ ಮುಂದೆ ಬಂದಳು. ಕೈಯಲ್ಲಿ ಇನ್ನೂ ಹಿಟ್ಟು ಮೆತ್ತಿತ್ತು. "ನಮ್ಮ ಮನ್ಯಾಗ ಅದಾವು. ಕರಿಬೇವು, ನಿಂಬಿ, ನುಗ್ಗಿ. ಮೊನ್ನೆ ಪ್ಯಾರಲ."

ಯಾರೋ ಹಿಂದೆ ಕಿಸಕ್ಕೆಂದರು. ನಾನು ತಿರುಗಿ ನೋಡಿದ ಮೇಲೆ ಸುಮ್ಮನಾದರು. ಎಲ್ಲರೂ ನನ್ನ ಗಿರಣಿಯ ಹಿಟ್ಟೇ ತಿನ್ನುವವರು. ಗೌಡರು ಮಾತ್ರ ಗಾಬರಿಯಾಗಲಿಲ್ಲ. ಮೊದಲೇ ಹೇಳಿದೆನಲ್ಲ, ಬುದ್ಧಿ ಇದೆ. ದನಿ ಇಳಿಸಿ, ಮನೆಯ ಹಿರಿಯನ ಹಾಗೆ, "ನೋಡವ್ವಾ ನೀಲಗಂಗಾ, ಅಂವ ಉಣ್ಣಾಕ ಬರೂ ಗಿರಾಕಿ. ಖಾನಾವಳಿಗೆ ಗಿರಾಕಿ ಬರತಾರ, ಹೋಗ್ತಾರ. ಅಂವ ಬರೇ ಗಿರಾಕಿ ಅಂತ ಎಲ್ಲಾರ ಮುಂದ ಒಂದ ಮಾತು ಹೇಳಿಬಿಡು. ಅಂವನೂ ಕೇಳಿಸಿಕೊಳ್ಳಲಿ. ಅಲ್ಲಿಗೆ ಅಂವಗ ಮನಿ ಇಲ್ಲಂಗಾತು. ಅಂವನ ಕುರ್ಚಿ ಉಳೀತೈತಿ, ನಿನ್ನ ಒಲಿ ಉಳೀತೈತಿ, ನಿನ್ನ ಮರ್ಯಾದಿ ಉಳೀತೈತಿ, ಊರಿಗೂ ಚಲೋ" ಅಂದರು. ಊರು ಹೌದು ಹೌದು ಅಂದಿತು. ಹೇಳಿಬಿಡು ತಂಗಿ, ಒಂದು ಮಾತಲ್ಲವೇ, ಅದರಲ್ಲೇನಿದೆ ಎಂದು ಸುತ್ತಲಿಂದ ದನಿಗಳು ಬಂದವು. ಅವರು ಹೇಳಿದ್ದು ಸುಳ್ಳೂ ಅಲ್ಲ. ಅವಳು ಅದನ್ನು ಹೇಳಿದ್ದರೆ, ಅವನು ಅದನ್ನು ಕೇಳಿದ್ದರೆ, ಅಲ್ಲೇ ಆ ಕ್ಷಣದಲ್ಲೇ ಅವನಿಗೆ ಮನೆ ಇಲ್ಲದಂತಾಗುತ್ತಿತ್ತು. ಅವನ ಮುಖ ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಅವನು ಸಹ ಅವಳ ಕಡೆ ನೋಡಿ, ಹೇಳಿಬಿಡಿ ಎಂಬಂತೆ ಮೆಲ್ಲಗೆ ತಲೆ ಆಡಿಸಿದ.

ನೀಲಗಂಗಾ ಬೆರಳಿಗಂಟಿದ ಹಿಟ್ಟು ಉಜ್ಜಿಕೊಂಡಳು. "ಗೌಡ್ರ, ಗಿರಾಕಿ ಬರಲಿಲ್ಲಂದ್ರ ನಾ ಒಂದ ಹಿಡಿ ಹಿಟ್ಟು ಕಡಿಮಿ ನಾದತೇನಿ, ಅಷ್ಟ. ಇವರು ಬರೂದು ಬಿಟ್ಟಾಗಿಂದ ನನಗ ಹಿಟ್ಟು ನಾದಾಕನ ಮನಸಿಲ್ಲ. ಬೇಕಾದ್ರ ಇಲ್ಲಿ ಇದ್ದವರನ್ನೆಲ್ಲಾ ಕೇಳ್ರಿ, ಎಂಥಾ ರೊಟ್ಟಿ ಉಂಡಾರಂತ." ಉಂಡವರೆಲ್ಲ ನೆಲ ನೋಡಿದರು. "ನಮ್ಮದ ರೀ ಇವರ ಮನಿ. ಹುಣಸಿಮರ ಬಂದು ಒಲಿ ಮ್ಯಾಲ ನಿಂತ್ರ ಅಂಗಳದಾಗ ಮೂರು ಕಲ್ಲು ಇಟ್ಟು ಬೇಯಸ್ತೇನಿ. ಗಿರಾಕಿ ಅನ್ನೂದಿಲ್ಲ. ಆ ಮಾತು ನನ್ನ ಬಾಯಾಗ ಬರೂದಿಲ್ಲ."

ಗುರುಪಾದಪ್ಪ ಮೀಸೆ ಮುಟ್ಟಿಕೊಳ್ಳಲು ಕೈ ಎತ್ತಿದವನು ಹಾಗೆಯೇ ಮುಖ ಮುಚ್ಚಿಕೊಂಡ. ನನ್ನ ಕಣ್ಣಲ್ಲೂ ನೀರು ಬಂತು.

ಮುಂದೆ ನಡೆದಿದ್ದು ಮಾಮೂಲಿ. ಇನ್ನು ಅನುಮತಿ ಯಾರು ಕೊಡಬೇಕು ಎಂದು ಒಬ್ಬ ಸದಸ್ಯ ಕೇಳಿದ. ಅರಣ್ಯ ಇಲಾಖೆ ಎಂದು ಒಬ್ಬರು, ತಹಶೀಲ್ದಾರ್ ಎಂದು ಇನ್ನೊಬ್ಬರು, ಮನೆ ಇಲ್ಲದ ಇನ್ನೊಬ್ಬನನ್ನು ಹುಡುಕೋಣ ಎಂದು ಮತ್ತೊಬ್ಬರು. "ಹುಡುಕ್ರಿ, ಅಂವಗೂ ಉಣ್ಣಾಕ ಹಾಕಬೇಕಲ್ಲ, ಎಲ್ಲಿ ಹಾಕಸ್ತೀರಿ?" ಎಂದು ಮಕ್ತುಮಸಾಬ ಕೇಳಿದ. ಗೌಡರಿಗೆ ತಲೆ ಕೆಟ್ಟಿತು. "ನನ್ನ ಮರ, ನನ್ನ ಅಂಗಳ. ನಾನ ಹೂಂ ಅಂತೇನಿ, ಯಾರು ತಡೀತೀರಿ" ಎಂದು ಕೂಗಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಭೆ ಅಲ್ಲಿಗೆ ಮುಗಿಯಿತು. ಮಕ್ತುಮಸಾಬನಿಗೆ ಆ ಮರ ಕಡಿಯಲು ವಾರವೇ ಹಿಡಿಯಿತು, ಮತ್ತೆ ಏಳಲು ಮರಕ್ಕೆ ಒಂದು ರಾತ್ರಿ ಸಾಕಾಯಿತು. ಈಗ ಅದು ಗೌಡರ ಹೊಸ ಸೋಫಾಗಳ ನಡುವೆ ನಿಂತಿದೆ. ಅವರದು ಕಾಂಕ್ರೀಟ್ ಮನೆ, ತಾರಸಿಯ ತುಂಡುಗಳನ್ನು ಮೆಟ್ಟಿಲ ಕೆಳಗೆ ಅಂದವಾಗಿ ಜೋಡಿಸಿಟ್ಟಿತ್ತಂತೆ. ಬಂದವರು ಕೊಂಬೆಗೆ ಚೀಲ ತೂಗುಹಾಕಿ ಕೂರುತ್ತಾರೆ. ಅಂಗಳ ಖಾಲಿಯಾಗಿದೆ, ಕಾರು ಅಲ್ಲಿ ಆರಾಮಾಗಿ ನಿಲ್ಲುತ್ತದೆ, ಗೌಡರು ಕೇಳಿದ್ದೂ ಅಷ್ಟೇ ಅಲ್ಲವೇ? ಅನುಮತಿಯ ಕೆಲಸ ಯಾರದು ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಊರಲ್ಲಿ ಸ್ವಲ್ಪ ಸ್ವಲ್ಪ ನೆರಳು ಕಾಣತೊಡಗಿದೆ.

ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಸಭೆ ಮುಗಿದದ್ದೇ ಊರಿಗೆ ಊರೇ ಖಾನಾವಳಿಗೆ ನುಗ್ಗಿತು, ಹಸಿವಿಗಿಂತ ಕುತೂಹಲ ಹೆಚ್ಚು. ನಾನೂ ಹೋದೆ. ದಾರಿಯುದ್ದಕ್ಕೂ ನೀಲಗಂಗಾ ಗುರುಪಾದಪ್ಪನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಿದ್ದಳು. ಅವನು ಒಳಗೆ ಬಂದು, ಪೇರಲಗಿಡವನ್ನು ನೋಡಿ, ಅದರ ಪಕ್ಕದ ತನ್ನ ಜಾಗದಲ್ಲಿ ಮುದುರಿ ಕೂತ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಡಿಸತೊಡಗಿದಳು. ರೊಟ್ಟಿ ಹಾಳೆಯಷ್ಟು ತೆಳ್ಳಗಿತ್ತು. ಝುಣಕ, ಪುಂಡಿಪಲ್ಯ, ಉಪ್ಪು ಸರಿಯಾಗಿದ್ದ ಬೇಳೆ. ಸಾಲು ಹಿಡಿದು ಬಂದಳು, ಗುರುಪಾದಪ್ಪನ ಹತ್ತಿರ ಬಂದಾಗ ದಾಟಿ ಮುಂದೆ ಹೋದಳು. ಎರಡನೆಯ ಸಲವೂ ದಾಟಿದಳು. ಅವನ ಮುಖ ಬಾಡಿತು. ಎಷ್ಟೋ ದಿನದಿಂದ ಚುರುಮುರಿ ತಿಂದ ಹೊಟ್ಟೆ, ಎದುರಿಗೇ ರೊಟ್ಟಿಯ ವಾಸನೆ. ಸಿಟ್ಟು ಇನ್ನೂ ಇಳಿದಿಲ್ಲ ಎಂದೇ ಅಂದುಕೊಂಡಿರಬೇಕು. ಮೂರನೆಯ ಸಲ ಅವಳು ಬಂದಾಗ ಬಹಳ ಮೆಲ್ಲಗೆ, "ಖಾನಾವಳಿಯವರ, ನನಗ ರೊಟ್ಟಿ?" ಅಂದ. ಉಣ್ಣುತ್ತಿದ್ದವರೆಲ್ಲ ಅಗಿಯುವುದನ್ನು ನಿಲ್ಲಿಸಿದರು.

"ಗಿರಾಕಿ ಎಲ್ಲಾ ಏಳಲಿ" ಅಂದಳು ನೀಲಗಂಗಾ, ಬುಟ್ಟಿ ಸೊಂಟಕ್ಕೆ ಏರಿಸಿಕೊಂಡು. "ಮನೀ ಮಂದಿ ಕಡೀಕ ಉಣ್ಣೂದು."

ಗುರುಪಾದಪ್ಪ ಎದ್ದ. ಅಂಗಿಯ ತೋಳು ಮಡಚಿಕೊಂಡು, ಮೂಲೆಯಲ್ಲಿದ್ದ ನೀರಿನ ಕೊಡ ಎತ್ತಿಕೊಂಡು, ನಮ್ಮೆಲ್ಲರ ಲೋಟಗಳಿಗೆ ನೀರು ಹಾಕುತ್ತಾ ಬಂದ.